ಪ್ರಶ್ನೋತ್ತರ: ಬಟಾವಿಯಾದ ಡಚ್ ಹೆಂಗಸಿನ ಜಾಡು ಹಿಡಿಯುವುದು ಹೇಗೆ?

ಪ್ರಶ್ನೆ: ಯಾಕೊಬ್ ಕೂಮನ್ 1665ರಲ್ಲಿ ಬರೆದ ಕ್ನೋಲ್ ಕುಟುಂಬದ ಚಿತ್ರ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂನಲ್ಲಿದೆಯಲ್ಲ, ಅದರಲ್ಲಿರುವ ಕೊರ್ನೇಲಿಯಾ ಫಾನ್ ನೈನ್‌ರೋಡೆಯನ್ನು ಡಚ್ ಈಸ್ಟ್ ಇಂಡಿಯಾ ಕಂಪನಿಯ ಆನ್‌ಲೈನ್ ನೌಕರರ ಪಟ್ಟಿಯಲ್ಲಿ ಹುಡುಕಿದೆ. ಅವಳೂ ಇಲ್ಲ, ಗಂಡ ಪೀಟರ್ ಕ್ನೋಲನೂ ಇಲ್ಲ. ಇಂಥವರ ಬದುಕಿನ ವಿವರ ಎಲ್ಲಿ ಸಿಗುತ್ತದೆ ಸರ್?

ಉತ್ತರ: ಅಲ್ಲಿ ಸಿಗುವುದಿಲ್ಲ ಮೇಡಂ. ಆ ಪಟ್ಟಿ ಮಾಡಿರುವುದು ಹಡಗಿನ ಸಂಬಳದ ಪುಸ್ತಕಗಳಿಂದ. ಉಳಿದಿರುವ ಪುಸ್ತಕಗಳು ಬಹುಪಾಲು 1700ರ ನಂತರದವು. ಕ್ನೋಲ್ 1672ರಲ್ಲೇ ತೀರಿಕೊಂಡಿದ್ದ.

ಹೆಂಗಸರ ಹೆಸರು ಕಾಗದಕ್ಕೆ ಬರುತ್ತಿದ್ದದ್ದು ಆಸ್ತಿ ಕೈಬದಲಾಗುವಾಗ. ಕೊರ್ನೇಲಿಯಾಳ ತಂದೆ ಜಪಾನಿನ ಹಿರಾಡೊದಲ್ಲಿದ್ದ ಕಂಪನಿಯ ವ್ಯಾಪಾರ ಕೋಠಿಯ ಮುಖ್ಯಸ್ಥ, ತಾಯಿ ಜಪಾನಿನವಳು. 1633ರಲ್ಲಿ ತಂದೆ ಸತ್ತ. 1637ರಲ್ಲಿ ಮಗಳನ್ನು ಬಟಾವಿಯಾಕ್ಕೆ, ಅಂದರೆ ಇಂದಿನ ಜಕಾರ್ತಾಕ್ಕೆ ಕಳಿಸಿದರು. 1652ರಲ್ಲಿ ಕ್ನೋಲನ ಜೊತೆ ಮದುವೆ. ವಿಧವೆಯಾದ ಮೇಲೆ 1676ರಲ್ಲಿ ವಕೀಲ ಯೋಹಾನ್ ಬಿಟರ್‌ನನ್ನು ಮದುವೆಯಾದಳು. ಮೊದಲೇ ಕರಾರು ಬರೆಸಿಕೊಂಡಿದ್ದರೂ ಅಂದಿನ ಡಚ್ ಕಾನೂನು ಹೆಂಡತಿಯ ಆಸ್ತಿಯ ಉಸ್ತುವಾರಿಯನ್ನು ಗಂಡನಿಗೇ ಕೊಡುತ್ತಿತ್ತು. ಜಗಳ ಕೋರ್ಟು ಹತ್ತಿ ಹಾಲೆಂಡಿನವರೆಗೂ ಹೋಯಿತು. ಅವಳ ಬಗ್ಗೆ ನಮಗೆ ಇಷ್ಟು ಗೊತ್ತಿರುವುದು ಬಹುಮಟ್ಟಿಗೆ ಆ ವ್ಯಾಜ್ಯದಿಂದ! ನೆಮ್ಮದಿಯಾಗಿ ಸಂಸಾರ ಮಾಡಿದವಳಾಗಿದ್ದರೆ ಚರ್ಚಿನ ಪುಸ್ತಕದ ನಾಲ್ಕು ಸಾಲೇ ಸಿಗುತ್ತಿದ್ದವು.

ಹುಡುಕುವಾಗ ಮೊದಲು ಮದುವೆ ನಮೂದು ತೆಗೆಯಿರಿ. "ಇಂಥವನ ವಿಧವೆ" ಎಂದಿದ್ದರೆ ಹಿಂದಿನ ಗಂಡನ ಉಯಿಲಿಗೆ ಹೋಗಿ. ಚಿಕ್ಕ ಮಕ್ಕಳಿದ್ದರೆ ಅವರ ಪಾಲನ್ನು ನೋಡಿಕೊಳ್ಳಲು ವೇಸ್‌ಕಾಮರ್ ಎಂಬ ಮಂಡಳಿ ಇತ್ತು. ಅದು ಬರೆಸಿದ ಆಸ್ತಿಪಟ್ಟಿಯಲ್ಲಿ ಮಂಚ, ಕನ್ನಡಿ, ಗುಲಾಮರ ಹೆಸರು ಸಹ ಇರುತ್ತವೆ. ಆದರೆ ಅನುಕೂಲಸ್ಥರು ಎಷ್ಟೋ ಜನ ಉಯಿಲಿನಲ್ಲೇ ವೇಸ್‌ಕಾಮರ್ ಕೈಹಾಕಬಾರದು ಎಂದು ಬರೆಸುತ್ತಿದ್ದರು. ಪಟ್ಟಿ ಇಲ್ಲದ ಮಾತ್ರಕ್ಕೆ ಆಸ್ತಿಯೇ ಇರಲಿಲ್ಲ ಎಂದುಕೊಳ್ಳಬೇಡಿ. ಬಟಾವಿಯಾ ಚರ್ಚಿನ ಪುಸ್ತಕಗಳು ಜಕಾರ್ತಾದ ರಾಷ್ಟ್ರೀಯ ದಾಖಲೆಗಾರದಲ್ಲಿವೆ, ಹಾಲೆಂಡಿಗೆ ಹೋದ ಕಂಪನಿ ಕಾಗದಗಳು ಹೇಗ್‌ನಲ್ಲಿ.

ಪ್ರಶ್ನೆ: "ಮಾರಿಯಾ ಫಾನ್ ಬಟಾವಿಯಾ" ಎಂದಿದ್ದರೆ ಅದು ಮನೆತನದ ಹೆಸರಾ?

ಉತ್ತರ: ಅಲ್ಲ, ಹುಟ್ಟಿದ ಊರು. "ಫಾನ್" ಎಂದರೆ "ಇಂಥ ಕಡೆಯವಳು" ಎಂದು. "ಫಾನ್ ಬೆಂಗಾಲೆನ್" (ಬಂಗಾಳದವಳು), "ಫಾನ್ ಮಲಬಾರ್" ಎಂದಿದ್ದರೆ ಗುಲಾಮಳಾಗಿ ಬಂದವಳೋ ಎಂದು ನೋಡಬೇಕು. ಬಿಡುಗಡೆ ಪತ್ರ ಸಿಕ್ಕರೆ ಒಡೆಯನ ಹೆಸರು ಅದರಲ್ಲೇ ಇರುತ್ತದೆ. ಇನ್ನು ಮದುವೆಯಾದ ಮೇಲೂ ದಾಖಲೆಗಳಲ್ಲಿ ತವರಿನ ಹೆಸರೇ ಮುಂದುವರಿಯುತ್ತಿತ್ತು, ಗಂಡನ ಹೆಸರಿನಲ್ಲಿ ಹುಡುಕಿ ಸುಸ್ತಾಗಬೇಡಿ. ದೀಕ್ಷಾಸ್ನಾನದ ಸಾಕ್ಷಿಗಳನ್ನೂ ಬರೆದಿಟ್ಟುಕೊಳ್ಳಿ, ಹೆಚ್ಚಾಗಿ ಅವರು ಅಜ್ಜಿಯೋ ಚಿಕ್ಕಮ್ಮನೋ ಆಗಿರುತ್ತಾರೆ.

ತಿಂಗಳ ಬಗ್ಗೆ ಹುಷಾರು. "7ಬರ್" ಎಂದರೆ ಸೆಪ್ಟೆಂಬರ್, ಏಳನೇ ತಿಂಗಳಲ್ಲ. "8ಬರ್" ಅಕ್ಟೋಬರ್. ಸೂಚಿ ಮಾಡಿದವರು ಜುಲೈ ಎಂದು ಓದಿಬಿಟ್ಟರೆ ಆಗಸ್ಟ್‌ನಲ್ಲಿ ಮದುವೆಯಾದವಳಿಗೆ ಜುಲೈನಲ್ಲೇ ಮಗು ಹುಟ್ಟಿರುತ್ತದೆ.