ಅಕ್ಕನ ಮಗಳನ್ನೇ ತಂದ ಮನೆ, ಮೊದಲ ಮಗುವಿಗೆ ಕಿವಿ ಕೇಳಲ್ಲ: ವಂಶವೃಕ್ಷ ಹೇಗೆ ಬರೆಯೋದು?

ಕೊರಟಗೆರೆ_ಕಡೆಯವಳು:
ಮಧುಗಿರಿ ತಾಲ್ಲೂಕಿನ ಒಂದು ಕುಟುಂಬದ ವಂಶವೃಕ್ಷ ಬರೀಬೇಕಿದೆ. ಗಂಡನೇ ಹೆಂಡತಿಗೆ ಸ್ವಂತ ಸೋದರಮಾವ, ಅವಳ ತಾಯಿಯ ಒಡಹುಟ್ಟಿದ ತಮ್ಮ. ಇಬ್ಬರಿಗೂ ಕಿವಿ ಚೆನ್ನಾಗಿದೆ. ಮೊದಲ ಗಂಡುಮಗುವಿಗೆ ಹುಟ್ಟಿನಿಂದ ಕೇಳಿಸಲ್ಲ, ಎರಡನೇ ಹೆಣ್ಣುಮಗುವಿಗೆ ಕೇಳಿಸುತ್ತೆ. ಗಂಡನ ಚಿಕ್ಕಪ್ಪನ ಮಗಳೊಬ್ಬಳಿಗೂ ಕಿವಿ ಕೇಳಲ್ಲ. ಪೌತಿ ಖಾತೆಗೆ ಅಂತ ನಾಡಕಚೇರಿಯಲ್ಲಿ ಮಾಡಿಸಿದ ವಂಶವೃಕ್ಷ ಇದೆ, ಅದೇ ಸಾಕಾ? "ನಾಲ್ಕರಲ್ಲಿ ಒಂದು ಮಗುವಿಗೆ ಹೀಗಾಗುತ್ತೆ ಅಂದ್ರು, ಒಂದಾಯ್ತಲ್ಲ, ಇನ್ನು ಮೂರಕ್ಕೆ ಭಯ ಇಲ್ಲ" ಅಂತಾರೆ ಅಜ್ಜಿ. ಸರೀನಾ?

ರಾಗಿಕಣ:
ಸಾಕಾಗಲ್ಲ ಮೇಡಂ. ಅದು ಆಸ್ತಿ ಯಾರಿಗೆ ಹೋಗುತ್ತೆ ಅಂತ ತೋರಿಸೋ ಮರ. ಸೊಸೆಯ ತವರು ಅದರಲ್ಲಿ ಬರಲ್ಲ, ಹುಟ್ಟಿ ತೀರಿಕೊಂಡ ಕೂಸು ಬರಲ್ಲ, ದತ್ತು ಮಗ ಹೊಟ್ಟೇಲಿ ಹುಟ್ಟಿದವರ ಸಾಲಲ್ಲೇ ನಿಂತಿರ್ತಾನೆ. (ಹೆಳವರು ಹಾಡಿ ಹೇಳೋ ವಂಶಾವಳಿ ಇನ್ನೂ ಹಿಂದಕ್ಕೆ ಹೋಗುತ್ತೆ, ಆದರೆ ಅದೂ ಗಂಡುಸಂತಾನದ ಎಳೆಯೇ.)

ದೊಡ್ಡ ಹಾಳೆ ಅಡ್ಡ ಇಟ್ಟುಕೊಳ್ಳಿ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ತೊಂದರೆ ಇದ್ದರೆ ಒಳಗೆ ಕಪ್ಪು ತುಂಬಿ, ತೀರಿಕೊಂಡಿದ್ದರೆ ಓರೆಗೆರೆ. ಒಡಹುಟ್ಟಿದವರು ಎಡದಿಂದ ಬಲಕ್ಕೆ, ಹಿರಿಯರು ಮೊದಲು. ರಕ್ತಸಂಬಂಧದ ಮದುವೆಗೆ ಜೋಡಿಗೆರೆ. ಯಾರಿಂದ ವಿಚಾರಣೆ ಶುರುವಾಯ್ತೋ ಆ ಮಗುವಿಗೆ ಬಾಣದ ಗುರುತು.

ಈ ಮನೆಗೆ ಐದು ಸಾಲು ಬೇಕು. 1ರಲ್ಲಿ ಗಂಡನ ತಾತ-ಅಜ್ಜಿ, 2ರಲ್ಲಿ ಅಪ್ಪ-ಅಮ್ಮ, ಚಿಕ್ಕಪ್ಪ, 3ರಲ್ಲಿ ಗಂಡ, ಅವನಕ್ಕ, ಚಿಕ್ಕಪ್ಪನ ಮಗಳು, 4ರಲ್ಲಿ ಹೆಂಡತಿ, 5ರಲ್ಲಿ ಮಕ್ಕಳು. ಗಂಡ ಒಂದು ಸಾಲು ಮೇಲಿರೋದರಿಂದ ಜೋಡಿಗೆರೆ ಓರೆಯಾಗೇ ಬರುತ್ತೆ, ಬರಲಿ. ಇಬ್ಬರನ್ನೂ ಒಂದೇ ಸಾಲಿಗೆ ಎಳೆಯೋಕೆ ಹೋದರೆ ಗಂಡನ ತಾಯಿಯನ್ನ ಒಂದು ಕಡೆ, ಹೆಂಡತಿಯ ಅಜ್ಜಿ ಅಂತ ಇನ್ನೊಂದು ಕಡೆ ಬರೀತೀರ. ಇಬ್ಬರೂ ಒಬ್ಬರೇ. ಎರಡು ಸಲ ಬರೆದ ತಕ್ಷಣ ಹುಡುಕ್ತಿರೋ ಸಂಬಂಧವೇ ಕಾಗದದಿಂದ ಮಾಯ.

ಗೌರಿಬಿದನೂರು_ಬಯಾಲಜಿ:
ಅಜ್ಜಿ ಲೆಕ್ಕ ತಪ್ಪು. ಪ್ರತಿ ಬಸಿರಿಗೂ ಹೊಸದಾಗಿ ನಾಲ್ಕರಲ್ಲಿ ಒಂದು. ಚೌಕಾಬಾರದಲ್ಲಿ ಹಿಂದಿನ ಸಲ ಏನು ಬಿತ್ತು ಅಂತ ಕವಡೆ ನೆನಪಿಟ್ಟುಕೊಳ್ಳುತ್ತಾ?

ಕೇಳಿಸೋ ಅಪ್ಪ-ಅಮ್ಮನಿಗೆ ಹೀಗೆ ಹುಟ್ಟಿದರೆ, ಸೋದರಿಕೆ ಮದುವೆ ಬೇರೆ ಇದ್ದರೆ, ಮೊದಲು ಅನುಮಾನ ಪಡಬೇಕಾದ್ದು ರಿಸೆಸಿವ್ ಜೀನ್. ಜೀನ್ ಅಪ್ಪನಿಂದೊಂದು, ಅಮ್ಮನಿಂದೊಂದು ಅಂತ ಎರಡು ಪ್ರತಿ ಇರುತ್ತೆ. ಒಂದು ಕೆಟ್ಟ ಪ್ರತಿ ಇದ್ದವರು ವಾಹಕರು, ಅವರಿಗೆ ಏನೂ ಆಗಲ್ಲ. ಎರಡೂ ಕೆಟ್ಟರೆ ಮಾತ್ರ ಕಿವುಡು. ಮಕ್ಕಳಾಗೋ ಮೊದಲಿನ ಲೆಕ್ಕದಲ್ಲಿ, ಗಂಡ ವಾಹಕ ಅಂದರೆ ಅವನಕ್ಕ ವಾಹಕಿಯಾಗಿರೋ ಸಾಧ್ಯತೆ 1/2, ಅವಳ ಮಗಳು (ಅಂದರೆ ಹೆಂಡತಿ) 1/4. ಅತ್ತೆ-ಮಾವನ ಮಕ್ಕಳ ಮದುವೆಯಲ್ಲಿ ಇದೇ ಲೆಕ್ಕ 1/8.

ಹೆಣ್ಣುಮಗುವನ್ನ "ಏನೂ ಇಲ್ಲ" ಅಂತ ಬಿಡಬೇಡಿ, ಅವಳು ವಾಹಕಿಯಾಗಿರೋ ಸಾಧ್ಯತೆ 2/3. ಮುಂದೆ ಅವಳನ್ನೂ ತಾಯಿಯ ತಮ್ಮನಿಗೇ ಕೊಟ್ಟರೆ: 2/3 (ಅವಳು ವಾಹಕಿ) × 1/2 (ಅವನು ವಾಹಕ) × 1/4 (ಮಗುವಿಗೆ ಎರಡೂ ಕೆಟ್ಟ ಪ್ರತಿ), ಅಂದರೆ ಪ್ರತಿ ಮಗುವಿಗೂ ಹನ್ನೆರಡರಲ್ಲಿ ಒಂದು.

ಬಿಳಿಕೋಟು:
ರಕ್ತ ಪರೀಕ್ಷೆ ಮಾಡಿಸೋದಾದರೆ ಮೊದಲು ಮಗನದ್ದು, 2-3 ಮಿಲಿ, ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ. ಯಾವ ಜೀನ್ ಅಂತ ಗೊತ್ತಿಲ್ಲದೆ ಅಪ್ಪ-ಅಮ್ಮನದ್ದು ಮಾಡಿಸಿ "ನೆಗೆಟಿವ್" ಬಂದರೆ ಅದಕ್ಕೆ ಅರ್ಥವೇ ಇಲ್ಲ. ಸಾಮಾನ್ಯವಾಗಿ ಮೊದಲು ನೋಡೋದು ಜಿಜೆಬಿ2 ಅನ್ನೋ ಜೀನ್. ಭಾರತದಲ್ಲಿ ಅದರಲ್ಲಿ ಹೆಚ್ಚು ಸಿಗೋದು ಡಬ್ಲ್ಯೂ24ಎಕ್ಸ್ ಅನ್ನೋ ಬದಲಾವಣೆ. ಅಲ್ಲಿ ಸಿಗಲಿಲ್ಲ ಅಂದ ಮಾತ್ರಕ್ಕೆ ವಂಶದ್ದಲ್ಲ ಅನ್ನೋ ಹಾಗಿಲ್ಲ, ಕಿವುಡಿಗೆ ನೂರಕ್ಕೂ ಹೆಚ್ಚು ಜೀನ್‌ಗಳಿವೆ. ಹೆಣ್ಣುಮಗುವಿಗೆ ಈಗ ಬೇರಾ (BERA, ಸದ್ದು ಕಿವಿಯಿಂದ ಮೆದುಳಿಗೆ ಮುಟ್ಟುತ್ತಾ ಅಂತ ನೋಡೋದು) ಪರೀಕ್ಷೆ ಒಂದು ಸಾಕು, ವಾಹಕ ಪರೀಕ್ಷೆ ಅವಳು ದೊಡ್ಡವಳಾದ ಮೇಲೆ.

ಚಿಕ್ಕಪ್ಪನ ಮಗಳ ವೃತ್ತಕ್ಕೆ ಕಪ್ಪು ತುಂಬೋ ಮೊದಲು ಎರಡು ವಿಷಯ ಕೇಳಿ: ಅವಳು ಯಾವತ್ತಾದರೂ ಮಾತಾಡಿದ್ದಳಾ? ಅವಳ ಅಪ್ಪ-ಅಮ್ಮನದೂ ಸೋದರಿಕೆಯಾ?

ಕೊರಟಗೆರೆ_ಕಡೆಯವಳು:
ಕೇಳಿದೆ. ಎರಡು ವರ್ಷದವರೆಗೆ "ಅತ್ತೆ, ತಾತ" ಅಂತಿದ್ದಳಂತೆ. ಮೆದುಳು ಜ್ವರ ಬಂದು ಆಸ್ಪತ್ರೇಲಿದ್ದ ಮೇಲೆ ಹೋಯ್ತಂತೆ. ಅವಳ ತಾಯಿ ಹಿಂದೂಪುರದ ಕಡೆಯವರು, ಸಂಬಂಧವಿಲ್ಲ.

ಬಿಳಿಕೋಟು:
ಹಾಗಾದರೆ ಅವಳ ವೃತ್ತ ಖಾಲಿ ಬಿಟ್ಟು ಪಕ್ಕದಲ್ಲಿ "2 ವರ್ಷ, ಮೆದುಳು ಜ್ವರ" ಅಂತ ಬರೆಯಿರಿ. ಅವಳನ್ನ ನೋಡಿ "ತಾತನ (ಗಂಡನ ಅಪ್ಪನ) ಕಡೆಯಿಂದ ಬಂದದ್ದು" ಅನ್ನೋಕಾಗಲ್ಲ, ಅಜ್ಜಿ (ಗಂಡನ ಅಮ್ಮನ) ಕಡೆಯದೂ ಇರಬಹುದು. ಅಜ್ಜಿಯ ತವರು ಕೇಳ್ಕೊಂಡು 2ನೇ ಸಾಲನ್ನ ಆ ಕಡೆಗೂ ಎಳೆಯಿರಿ.