ಆಟೋಪೈಲಟ್‌ಗೆ ಬದಲಿಸಿದೊಡನೆ ಎಡಕ್ಕೆ ವಾಲುವ ವಿಮಾನ: ಸರ್ವೋ ಹೊಂದಾಣಿಕೆಯ ಅನುಭವಗಳು

ಪ್ರಶ್ನೆ, ಕುಂಬಳೆಯಿಂದ

ಬಾಲ್ಸಾ ಮರ ಮತ್ತು ಫೋಮ್ ಹಲಗೆಯಿಂದ ನಾನೇ ಕಟ್ಟಿದ, ಒಂದೂವರೆ ಕಿಲೋ ತೂಕದ, ಬಾಲದಲ್ಲಿ ಚಕ್ರವಿರುವ ರಿಮೋಟ್ ವಿಮಾನಕ್ಕೆ ಕಳೆದ ತಿಂಗಳು ಆರ್ಡುಪೈಲಟ್ ಎಂಬ ಆಟೋಪೈಲಟ್ ತಂತ್ರಾಂಶ ಅಳವಡಿಸಿದ್ದೇನೆ. ಮ್ಯಾನುಯಲ್ ಮೋಡ್‌ನಲ್ಲಿ, ರಿಮೋಟಿನ ಎಲೆರಾನ್ (ವಿಮಾನವನ್ನು ಓರೆ ಮಾಡುವ, ರೆಕ್ಕೆಯ ಹಿಂದಿನ ಅಂಚಿನ ಪಟ್ಟಿ) ಟ್ರಿಮ್ಮನ್ನು, ಅಂದರೆ ನಡು ಸ್ಥಾನದ ಸಣ್ಣ ತಿದ್ದುಪಡಿಯನ್ನು, ಎಡಕ್ಕೆ ಹತ್ತು ಹನ್ನೆರಡು ಕ್ಲಿಕ್ ಸರಿಸಿಕೊಂಡರೆ, ನೇರವಾಗಿ ಹಾರುತ್ತದೆ. ಆಟೋಪೈಲಟ್ ವಿಮಾನವನ್ನು ಸಮವಾಗಿ ಹಿಡಿದಿಡುವ ಫ್ಲೈ ಬೈ ವೈರ್ ಮೋಡ್‌ಗೆ ಬದಲಿಸಿ ಸ್ಟಿಕ್ ಬಿಟ್ಟರೆ ಮಾತ್ರ ನಿಧಾನವಾಗಿ ಎಡಕ್ಕೆ ವಾಲುತ್ತದೆ, ಮೂತಿ ಎತ್ತಿಕೊಂಡು ವೇಗ ಕಳೆದುಕೊಳ್ಳುತ್ತದೆ. ನೆಲದ ಮೇಲಿದ್ದಾಗಲೂ ಎಡ ಎಲೆರಾನನ್ನು ತಿರುಗಿಸುವ ಸಣ್ಣ ಮೋಟಾರು, ಅಂದರೆ ಸರ್ವೋ, ಗುಂಯ್ ಎನ್ನುತ್ತಲೇ ಇರುತ್ತದೆ. ನಾಲ್ಕು ಸಲ ಕ್ಯಾಲಿಬ್ರೇಷನ್ ಮಾಡಿದರೂ ವ್ಯತ್ಯಾಸವಿಲ್ಲ. ಅನುಭವ ಇರುವವರು ದಯವಿಟ್ಟು ತಿಳಿಸಬೇಕು.

ಉತ್ತರ, ಬದಿಯಡ್ಕದಿಂದ

ನೀವು ಹೇಳಿದ ಮೂರು ತೊಂದರೆಗಳಿಗೆ ಮೂರು ಬೇರೆ ಬೇರೆ ಕಾರಣಗಳಿರುವಂತೆ ನನಗೆ ಕಾಣುತ್ತದೆ. ಅವುಗಳಲ್ಲಿ ಒಂದೂ ಕಂಪ್ಯೂಟರ್ ಮುಂದೆ ಕುಳಿತು ಕ್ಯಾಲಿಬ್ರೇಷನ್ ಗುಂಡಿ ಒತ್ತುವುದರಿಂದ ಹೋಗುವಂಥದ್ದಲ್ಲ. ಮೊದಲು ಕಡ್ಡಿ ಮತ್ತು ಕೊಂಡಿಗಳು ಸರಿಯಾಗಬೇಕು, ಆಮೇಲೆ ಸಂಖ್ಯೆಗಳು. ಈ ಕ್ರಮ ತಿರುಗಿದರೆ ಎಷ್ಟು ಸಲ ಮಾಡಿದರೂ ಅಷ್ಟೇ.

ಎಡಕ್ಕೆ ವಾಲುವುದರ ಸುಳಿವು ನಿಮ್ಮ ಪ್ರಶ್ನೆಯಲ್ಲೇ ಇದೆ. ಮ್ಯಾನುಯಲ್ ಮೋಡ್‌ನಲ್ಲಿ ರಿಮೋಟಿನ ಟ್ರಿಮ್ ನೇರವಾಗಿ ಎಲೆರಾನನ್ನು ಸರಿಸುತ್ತದೆ, ಹಾಗಾಗಿ ಬಲಕ್ಕೆ ಎಳೆಯುವ ನಿಮ್ಮ ವಿಮಾನ ಸರಿಯಾಗಿ ಹಾರಿದಂತೆ ತೋರುತ್ತದೆ. ಫ್ಲೈ ಬೈ ವೈರ್ ಮೋಡ್‌ನಲ್ಲಾದರೋ ಸ್ಟಿಕ್ಕಿನ ಸ್ಥಾನವೆಂದರೆ ಎಷ್ಟು ಡಿಗ್ರಿ ವಾಲಬೇಕೆಂಬ ಅಪ್ಪಣೆ. ಮೊದಲೇ ಇರುವ ಸೆಟ್ಟಿಂಗ್ ಪ್ರಕಾರ ಸ್ಟಿಕ್ಕನ್ನು ಪೂರ್ತಿ ಒತ್ತಿದರೆ 45 ಡಿಗ್ರಿ. ನೀವು ಸರಿಸಿಟ್ಟ ಹನ್ನೆರಡು ಕ್ಲಿಕ್ಕುಗಳನ್ನು ಆಟೋಪೈಲಟ್ ‘ಸ್ವಲ್ಪ ಎಡಕ್ಕೆ ವಾಲು’ ಎಂದೇ ಓದಿಕೊಂಡು, ಹೇಳಿದ್ದನ್ನು ಹೇಳಿದಂತೆ ಮಾಡುತ್ತಿದೆ. ಆದ್ದರಿಂದ ರಿಮೋಟಿನ ಟ್ರಿಮ್, ಸಬ್‌ಟ್ರಿಮ್ (ರಿಮೋಟಿನ ಮೆನುವಿನೊಳಗಿನ ಟ್ರಿಮ್) ಎರಡನ್ನೂ ಸೊನ್ನೆಗೆ ತಂದು, ಅದರ ನಂತರವೇ ರಿಮೋಟಿನ ಕ್ಯಾಲಿಬ್ರೇಷನ್ ಮಾಡಿ. ಬಲಕ್ಕೆ ಎಳೆಯುವುದನ್ನು ಪುಶ್‌ರಾಡ್‌ನ (ಸರ್ವೋದಿಂದ ಎಲೆರಾನಿಗೆ ಹೋಗುವ ಕಡ್ಡಿಯ) ತುದಿಯ ಕೊಂಡಿಯನ್ನು ತಿರುಗಿಸಿ ಸರಿಪಡಿಸಬೇಕು.

ಅದಕ್ಕೂ ಮೊದಲು ಸರ್ವೋದ ತೋಳನ್ನು ನೋಡಿ. ಆಟೋಪೈಲಟ್‌ನಿಂದ 1500 ಮೈಕ್ರೊಸೆಕೆಂಡ್ ಉದ್ದದ ಸಂಕೇತ, ಅಂದರೆ ನಡು ಸ್ಥಾನದ ಅಪ್ಪಣೆ, ಹೋಗುತ್ತಿರುವಾಗ ತೋಳು ಪುಶ್‌ರಾಡ್‌ಗೆ ಲಂಬವಾಗಿ ನಿಲ್ಲಬೇಕು, ಇಲ್ಲದಿದ್ದರೆ ಎಲೆರಾನ್ ಮೇಲಕ್ಕೆ ಹೋಗುವಷ್ಟು ಕೆಳಕ್ಕೆ ಹೋಗುವುದಿಲ್ಲ. 25 ಹಲ್ಲಿನ ಸರ್ವೋದಲ್ಲಿ ತೋಳನ್ನು ಒಂದು ಹಲ್ಲು ತಪ್ಪಿ ಕೂರಿಸಿದರೆ 14.4 ಡಿಗ್ರಿ ವ್ಯತ್ಯಾಸವಾಗುತ್ತದೆ. 1000 ಮೈಕ್ರೊಸೆಕೆಂಡ್‌ಗೆ ಸುಮಾರು 90 ಡಿಗ್ರಿ ತಿರುಗುವ ಸಾಮಾನ್ಯ ಸರ್ವೋದಲ್ಲಿ ಅದನ್ನು ಸರ್ವೋ ಟ್ರಿಮ್‌ನಿಂದ (ಆಟೋಪೈಲಟ್‌ನಲ್ಲಿ ಸರ್ವೋದ ನಡು ಸ್ಥಾನ ಹೊಂದಿಸುವ ಸಂಖ್ಯೆ) ತುಂಬಿಸಹೊರಟರೆ 160 ಮೈಕ್ರೊಸೆಕೆಂಡ್ ಬೇಕು. ಒಂದು ಬದಿಗೆ ಇರುವ ಚಲನೆಯೇ 400 ಆಗಿರುವಾಗ ಇದು ದೊಡ್ಡ ನಷ್ಟ. ನನ್ನ ಮೊದಲ ವಿಮಾನದಲ್ಲಿ ನಾನು ಮಾಡಿದ ತಪ್ಪು ಇದೇ. ಟ್ರಿಮ್ 1640ರಲ್ಲಿ ನಿಂತಿತ್ತು, ಅಂಗಳದಲ್ಲಿ ನೋಡುವಾಗ ಎಲೆರಾನ್ ರೆಕ್ಕೆಗೆ ಸಮವಾಗಿಯೇ ಇತ್ತು, ಆದರೆ ಪದವಿನ ಮೇಲೆ ಅಡ್ಡಗಾಳಿ ಬೀಸಿದಾಗ ಒಂದು ಕಡೆಗೆ ತಿರುಗಲು ಎಲೆರಾನಿಗೆ ಜಾಗವೇ ಉಳಿದಿರಲಿಲ್ಲ, ರೆಕ್ಕೆ ಮುರಕಲ್ಲಿಗೆ ಬಡಿಯಿತು. ಈಗ ನಾನು ತೋಳನ್ನು ಬಿಚ್ಚಿ, ಸರ್ವೋವನ್ನು 1500ರಲ್ಲಿ ನಿಲ್ಲಿಸಿ, ಹತ್ತಿರದ ಹಲ್ಲಿಗೆ ತೋಳು ಕೂರಿಸಿ, ಕೊಂಡಿಯನ್ನು ಅರ್ಧರ್ಧ ಸುತ್ತು ತಿರುಗಿಸುತ್ತಾ ಎಲೆರಾನಿನ ಅಂಚಿಗೆ ಒಂದು ಅಡಿಪಟ್ಟಿ ಹಿಡಿದು ನೋಡುತ್ತೇನೆ. ಅಷ್ಟಾದ ಮೇಲೆ ಸರ್ವೋ ಟ್ರಿಮ್‌ಗೆ ಉಳಿಯುವ ಕೆಲಸ ಹತ್ತಿಪ್ಪತ್ತು ಮೈಕ್ರೊಸೆಕೆಂಡ್ ಮಾತ್ರ. ಹಾರುವಾಗ ತಾನಾಗಿ ಟ್ರಿಮ್ ಹೊಂದಿಸುವ ಸೌಲಭ್ಯ ಆರ್ಡುಪೈಲಟ್‌ನಲ್ಲಿ ಇದೆಯಾದರೂ ಈ ಕೊನೆಯ ಸಣ್ಣ ತಿದ್ದುಪಡಿಗಷ್ಟೇ ಅದನ್ನು ಬಳಸುವುದು ಒಳ್ಳೆಯದು.

ಮೂತಿ ಎತ್ತುವುದಕ್ಕೆ ಕಾರಣ ಬಹುಶಃ ನಿಮ್ಮ ಬಾಲದ ಚಕ್ರ. ವಿಮಾನ ನೆಲದ ಮೇಲೆ ಬಾಲ ಇಳಿಸಿ ಕೂತಿರುವಾಗಲೇ ಲೆವೆಲ್ ಕ್ಯಾಲಿಬ್ರೇಷನ್ ಮಾಡಿದ್ದರೆ, ಆಟೋಪೈಲಟ್ ಆ ಭಂಗಿಯನ್ನೇ ಸಮತಲವೆಂದು ನಂಬಿ ಆಕಾಶದಲ್ಲೂ ಅದನ್ನೇ ಹಿಡಿದಿಡಲು ನೋಡುತ್ತದೆ. ಬಾಲದ ಕೆಳಗೆ ಪುಸ್ತಕ ಅಥವಾ ಹಲಗೆ ಇಟ್ಟು, ನೇರ ಹಾರಾಟದಲ್ಲಿ ವಿಮಾನ ಹೇಗಿರುತ್ತದೋ ಹಾಗೆ, ಅಂದರೆ ರೆಕ್ಕೆಯ ಮುಂದಿನ ಅಂಚು ಒಂದೆರಡು ಡಿಗ್ರಿ ಮಾತ್ರ ಮೇಲಿರುವಂತೆ ನಿಲ್ಲಿಸಿ ಲೆವೆಲ್ ಮಾಡಿ. ಎಡ ಬಲ ರೆಕ್ಕೆಗಳ ತುದಿ ನೆಲದಿಂದ ಒಂದೇ ಎತ್ತರದಲ್ಲಿರುವುದನ್ನು ಟೇಪಿನಿಂದ ಅಳೆಯಿರಿ. ನಮ್ಮ ಅಂಗಳಗಳು ಮಳೆನೀರು ಹರಿಯಲೆಂದು ಇಳಿಜಾರಾಗಿರುವುದರಿಂದ ಅಂಗಳವನ್ನು ನಂಬುವಂತಿಲ್ಲ, ಮೇಜಿನ ಮೇಲೆ ಮಾಡುವುದೇ ಉತ್ತಮ.

ಹಾರಿಸುವ ಮುನ್ನ ಪ್ರೊಪೆಲರ್ ತೆಗೆದು, ಫ್ಲೈ ಬೈ ವೈರ್ ಮೋಡ್‌ನಲ್ಲಿ ಸ್ಟಿಕ್ ಮುಟ್ಟದೆ ವಿಮಾನವನ್ನು ಕೈಯಲ್ಲಿ ಓರೆ ಮಾಡಿ ನೋಡಿ. ಬಲ ರೆಕ್ಕೆ ತಗ್ಗಿಸಿದರೆ ಬಲ ಎಲೆರಾನ್ ಕೆಳಗಿಳಿಯಬೇಕು, ಎಡದ್ದು ಏಳಬೇಕು. ಮೂತಿ ಎತ್ತಿದರೆ ಎಲಿವೇಟರ್ (ಬಾಲದ ಅಡ್ಡರೆಕ್ಕೆಯ ಹಿಂದಿನ ಪಟ್ಟಿ) ಕೆಳಗಿಳಿಯಬೇಕು. ಇದು ತಿರುಗುಮುರುಗಾಗಿದ್ದರೆ ಸರ್ವೋ ರಿವರ್ಸ್ ಬದಲಿಸಿ. ಇದು ಸರಿಯಿದ್ದು ಸ್ಟಿಕ್ ಮಾತ್ರ ತಿರುಗುಮುರುಗಾಗಿದ್ದರೆ ರಿಮೋಟ್ ಚಾನೆಲ್ಲಿನ ರಿವರ್ಸ್ ಬದಲಿಸಿ. ಎರಡನ್ನು ಬೆರೆಸಿಕೊಂಡು ವಿಮಾನ ಕಳೆದುಕೊಂಡವರನ್ನು ಕಂಡಿದ್ದೇನೆ, ಆದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಉತ್ತರ, ಮಂಜೇಶ್ವರದಿಂದ

ಗುಂಯ್ ಸದ್ದಿನ ಬಗ್ಗೆ ಮಾತ್ರ ಹೇಳುತ್ತೇನೆ. ಎಡ ಎಲೆರಾನಿನ ಪುಶ್‌ರಾಡ್ ಬಿಚ್ಚಿ. ಸದ್ದು ನಿಂತರೆ ದೋಷ ಸರ್ವೋದಲ್ಲಿಲ್ಲ, ಕಡ್ಡಿ ಎಲ್ಲೋ ಬಿಗಿಯಾಗಿದೆ ಅಥವಾ ಕೀಲು ಎಳೆಯುತ್ತಿದೆ. ಹೋಗಬೇಕಾದ ಜಾಗಕ್ಕೆ ಹೋಗಲಾಗದ ಸರ್ವೋ ಇಡೀ ಹೊತ್ತು ವಿದ್ಯುತ್ ಎಳೆಯುತ್ತಾ ಬಿಸಿಯಾಗುತ್ತದೆ. ಕಡಲ ಬದಿಯಲ್ಲಿರುವ ನಮ್ಮಲ್ಲಿ ಉಕ್ಕಿನ ಕಡ್ಡಿಗೆ ಒಂದೇ ಮಳೆಗಾಲದಲ್ಲಿ ತುಕ್ಕು ಹತ್ತಿ, ನೈಲಾನ್ ಕೊಳವೆಯೊಳಗೆ ಉಜ್ಜಲು ಶುರುವಾಗುತ್ತದೆ. ಅದೇ ನೈಲಾನ್ ಬಿಸಿಲಿಗೆ ಹಿಗ್ಗುವುದರಿಂದ, ಬೆಳಿಗ್ಗೆ ಹೊಂದಿಸಿದ ಟ್ರಿಮ್ ಮಧ್ಯಾಹ್ನ ಬದಲಾಗಿರುವುದೂ ಉಂಟು.

ಉತ್ತರ, ಮುಳ್ಳೇರಿಯದಿಂದ

ಸರ್ವೋಗಳಿಗೆ ವಿದ್ಯುತ್ ಎಲ್ಲಿಂದ ಹೋಗುತ್ತಿದೆ ಎಂಬುದನ್ನೂ ನೋಡಿಕೊಳ್ಳಿ. ಪಿಕ್ಸ್‌ಹಾಕ್ ಮಾದರಿಯ ಆಟೋಪೈಲಟ್ ಬೋರ್ಡಿನಲ್ಲಿ ಪವರ್ ಮಾಡ್ಯೂಲ್ ಬೋರ್ಡಿಗಷ್ಟೇ ವಿದ್ಯುತ್ ಕೊಡುತ್ತದೆ. ಸರ್ವೋ ಸಾಲಿಗೆ ಬೇರೆ ಬಿಇಸಿ (ಬ್ಯಾಟರಿಯ ವೋಲ್ಟೇಜನ್ನು ಸರ್ವೋಗಳಿಗೆ ತಕ್ಕಷ್ಟು ಇಳಿಸಿ ಕೊಡುವ ಸಾಧನ) ಬೇಕು. ನಾಲ್ಕು ಸರ್ವೋಗಳೂ ಒಟ್ಟಿಗೆ ಓಡುವಾಗ ದುರ್ಬಲ ಬಿಇಸಿಯ ವೋಲ್ಟೇಜ್ ಕುಸಿದು ಸರ್ವೋಗಳು ನಡುಗುತ್ತವೆ. ಮಲ್ಟಿಮೀಟರ್ ಈ ಕ್ಷಣಿಕ ಕುಸಿತವನ್ನು ಹಿಡಿಯುವುದಿಲ್ಲ, ಆಟೋಪೈಲಟ್‌ನ ಲಾಗ್‌ನಲ್ಲಿ ಹುಡುಕಿ.

ಪ್ರಶ್ನೆ ಕೇಳಿದವರಿಂದ, ಕುಂಬಳೆ

ಎಲ್ಲರಿಗೂ ತುಂಬ ಧನ್ಯವಾದಗಳು. ಪುಶ್‌ರಾಡ್ ಬಿಚ್ಚಿದೊಡನೆ ಸದ್ದು ನಿಂತಿತು. ಕೊಳವೆಯ ಬಾಯಿಗೆ ಹಾಕಿದ ಅಂಟು ಒಳಕ್ಕೆ ಇಳಿದು ಕಡ್ಡಿಯನ್ನು ಹಿಡಿದಿತ್ತು. ಲೆವೆಲ್ ಮಾಡುವಾಗ ವಿಮಾನ ಬಾಲದ ಮೇಲೆಯೇ ಕೂತಿತ್ತು ಎಂಬುದೂ ನಿಜ. ಮೊಬೈಲ್ ಇಟ್ಟು ಅಳೆದರೆ 9 ಡಿಗ್ರಿ ಇತ್ತು. ಎರಡನ್ನೂ ಸರಿಪಡಿಸಿ, ರಿಮೋಟಿನ ಟ್ರಿಮ್ ಸೊನ್ನೆ ಮಾಡಿ ಇಂದು ಬೆಳಿಗ್ಗೆ ಹಾರಿಸಿದಾಗ ಸ್ಟಿಕ್ ಬಿಟ್ಟರೂ ರೆಕ್ಕೆ ಸಮವಾಗಿ ನಿಂತಿತು. ಮ್ಯಾನುಯಲ್‌ನಲ್ಲಿ ಬಲಕ್ಕೆ ಎಳೆಯುವುದು ಇನ್ನೂ ಸ್ವಲ್ಪ ಉಳಿದಿದೆ, ಕೊಂಡಿಯನ್ನು ಇನ್ನೊಂದು ಸುತ್ತು ತಿರುಗಿಸಿ ನಾಳೆ ನೋಡುತ್ತೇನೆ.