ಹೊಕ್ಕುಳು ಒಳಗೆಳೆದರೆ ಉಸಿರೇ ಕಟ್ಟುತ್ತೆ: ಪಿಲಾಟೆಸ್‌ನ ಕಲ್ಪನಾ ಚಿತ್ರಗಳು ನನಗೇಕೆ ಕೆಲಸ ಮಾಡ್ತಿಲ್ಲ?

ಪ್ರಶ್ನೆ:
ನಾಲ್ಕು ತಿಂಗಳಿಂದ ಮ್ಯಾಟ್ ಪಿಲಾಟೆಸ್ (ನೆಲದ ಮೇಲೆ ಮ್ಯಾಟ್ ಹಾಸಿ, ಉಸಿರಿನ ಜೊತೆ ನಿಧಾನವಾಗಿ ಮಾಡುವ ವ್ಯಾಯಾಮ) ಮಾಡ್ತಿದ್ದೇನೆ. ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಿ ಅಂತ ಕ್ಲಾಸಿನಲ್ಲಿ ಹೇಳಿಕೊಡುವ ಎರಡು ಚಿತ್ರಗಳು ನನಗೆ ಉಲ್ಟಾ ಹೊಡೀತಿವೆ. "ಹೊಕ್ಕುಳು ಬೆನ್ನುಮೂಳೆಗೆ ಅಂಟಿದೆ ಅಂದ್ಕೊಳ್ಳಿ" ಅಂದ ತಕ್ಷಣ ಹೊಟ್ಟೆ ಒಳಗೆ ಹೋಗುತ್ತೆ, ಜೊತೆಗೇ ಉಸಿರು ಕಟ್ಟುತ್ತೆ, ಸೊಂಟ ಮ್ಯಾಟಿಗೆ ಒತ್ತಿಕೊಳ್ಳುತ್ತೆ. ಅಂಗಾತ ಮಲಗಿ, ಎತ್ತಿ ಮಡಚಿದ ಕಾಲುಗಳಲ್ಲಿ ಒಂದೊಂದನ್ನೇ ಇಳಿಸಿ ನೆಲ ಮುಟ್ಟಿಸುವಾಗ ಹೊಟ್ಟೆಯ ನಡುಗೆರೆ ದಿಣ್ಣೆಯ ಹಾಗೆ ಉಬ್ಬುತ್ತೆ. ಇನ್ನೊಂದು, "ತಲೆಯನ್ನು ದಾರ ಕಟ್ಟಿ ಮೇಲೆಳೀತಿದ್ದಾರೆ" ಅನ್ನೋದು. ಗಲ್ಲ ಮೇಲೇಳುತ್ತೆ, ಎದೆಗೂಡು ಮುಂದೆ ಚಾಚುತ್ತೆ, ಸಂಜೆಗೆ ಕುತ್ತಿಗೆ ನೋವು. ಏನು ತಪ್ಪು ಮಾಡ್ತಿದ್ದೇನೆ?

ಉತ್ತರ 1:
ದಾರವನ್ನು ಎಲ್ಲಿ ಕಟ್ಟಿದ್ದೀರಿ ನೋಡಿ. ನಾನೂ ಮೊದಲು ಹಣೆಯ ಹತ್ತಿರವೇ ಕಟ್ಟಿಕೊಂಡಿದ್ದೆ. ಅಲ್ಲಿ ಎಳೆದರೆ ಗಲ್ಲ ಏಳಲೇಬೇಕು. ಕೂದಲಿನ ಸುಳಿ ಇರುತ್ತಲ್ಲ, ನೆತ್ತಿಯ ಹಿಂಭಾಗದಲ್ಲಿ, ದಾರವನ್ನು ಅಲ್ಲಿಗೆ ಬದಲಾಯಿಸಿ. ಗಲ್ಲ ತಾನಾಗಿ ಇಳಿದು ಕತ್ತಿನ ಹಿಂಬದಿ ಉದ್ದವಾಗುತ್ತೆ. ಬಾಲಮೂಳೆಗೆ ಒಂದು ಗುಂಡು ತೂಗುಬಿಟ್ಟಿದೆ ಅಂತಲೂ ಸೇರಿಸಿಕೊಳ್ಳಿ. ಮೇಲಿನ ಎಳೆತ ಒಂದೇ ಇದ್ದರೆ ಎದೆ ಎದ್ದುಬಿಡುತ್ತೆ.

ಉತ್ತರ 2:
ಹನ್ನೊಂದು ವರ್ಷದಿಂದ ಕಲಿಸ್ತಿದ್ದೇನೆ. ಹೊಕ್ಕುಳಿನ ಚಿತ್ರವನ್ನು ನನ್ನ ತರಗತಿಯಲ್ಲಿ ಬಿಟ್ಟೇಬಿಟ್ಟಿದ್ದೇನೆ, ಏಕೆಂದರೆ ತುಂಬಾ ಜನರಿಗೆ ನಿಮಗಾದದ್ದೇ ಆಗುತ್ತೆ. ಹೊಟ್ಟೆಯ ಅತಿ ಒಳಪದರದ ಸ್ನಾಯು, ಟ್ರಾನ್ಸ್‌ವರ್ಸಸ್ ಅಬ್ಡಾಮಿನಿಸ್, ನಡುವಿಗೆ ಬಿಗಿದ ಪಟ್ಟಿಯ ಹಾಗೆ ಸುತ್ತುವರಿದಿದೆ. ಮೇಲೆ ವಪೆ (ಎದೆ-ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು), ಕೆಳಗೆ ಪೆಲ್ವಿಕ್ ಫ್ಲೋರ್ (ಕಿಬ್ಬೊಟ್ಟೆಯ ತಳದ ಸ್ನಾಯುಗಳು), ಇವುಗಳ ಜೊತೆಗೇ ಅದು ಕೆಲಸ ಮಾಡೋದು. ಒಂದೇ ಬಿಂದುವನ್ನು ಹಿಂದಕ್ಕೆ ಎಳೆದರೆ ಹೊಟ್ಟೆ ಬರೀ ಒಳಗೆ ಹೋಗುತ್ತೆ, ವಪೆಗೆ ಇಳಿಯಲು ಜಾಗವಿರೋದಿಲ್ಲ, ಉಸಿರು ನಿಲ್ಲುತ್ತೆ.

ಬದಲಿಗೆ ಪಕ್ಕೆಲುಬುಗಳನ್ನು ಒಂದು ಛತ್ರಿ ಅಂದ್ಕೊಳ್ಳಿ. ಉಸಿರು ಎಳೆದಾಗ ಸುತ್ತಲೂ ಬಿಚ್ಚಿಕೊಳ್ಳುತ್ತೆ, ಬೆನ್ನಿನ ಕಡೆಗೂ. ಬಿಡುವಾಗ "ಸ್ಸ್" ಅಂತ ನಿಧಾನವಾಗಿ ಮಡಚಿಕೊಳ್ಳುತ್ತೆ. ಸೊಂಟದ ಮುಂದಿನ ಮೂಳೆಯ ತುದಿಗಳಿಂದ ಎರಡು ಬೆರಳಷ್ಟು ಒಳಗೆ ಕೈಯಿಟ್ಟು ನೋಡಿ: ಛತ್ರಿ ಮಡಚುವಾಗ ಬೆರಳಡಿ ಮೆಲ್ಲಗೆ ಬಿಗಿಯಾದರೆ ಸರಿ, ಬೆರಳನ್ನು ಹೊರಗೆ ತಳ್ಳಿದರೆ ತಿಣುಕುತ್ತಿದ್ದೀರಿ ಅಂತ ಅರ್ಥ.

ಕಾಲು ಇಳಿಸುವಾಗ ಚಿತ್ರ ಬದಲಾಯಿಸಿ. ಹೊಕ್ಕುಳಿನ ಕೆಳಗೆ, ಹೊಟ್ಟೆಯ ಮೇಲೆ ಒಂದು ತಟ್ಟೆ, ಅದರ ತುಂಬಾ ನೀರು. ಸೊಂಟ ಕಮಾನಾದರೆ ನೀರು ಕಾಲಿನ ಕಡೆ ಚೆಲ್ಲುತ್ತೆ, ಮ್ಯಾಟಿಗೆ ಒತ್ತಿಕೊಂಡರೆ ಎದೆಯ ಕಡೆ. ನೀರು ಅಲುಗದಷ್ಟು ದೂರ ಮಾತ್ರ ಪಾದ ಇಳಿಸಿ, ನಾಲ್ಕೇ ಬೆರಳಾದರೂ ಪರವಾಗಿಲ್ಲ. ನಡುಗೆರೆ ಉಬ್ಬಿದರೆ ಅದೇ ನಿಮ್ಮ ಮಿತಿ. ಹೆರಿಗೆಯ ನಂತರ ಶುರುವಾದ ಉಬ್ಬಾದರೆ ಮೊದಲು ಫಿಸಿಯೋಥೆರಪಿಸ್ಟ್ ಹತ್ತಿರ ತೋರಿಸಿ.

ಇನ್ನೊಂದು, ನನಗೆ ತುಂಬಾ ಮುಖ್ಯ ಅನ್ನಿಸೋದು. ಚಲನೆಗೆ ಮೊದಲು ಒಂದು ಸಲ ಸುಮ್ಮನೆ ಮಲಗಿ ಚಿತ್ರ ಮಾತ್ರ ನೋಡಿ, ಏನೂ ಮಾಡಬೇಡಿ. ದೇಹದ ಚಲನೆಯ ಶಿಕ್ಷಕಿ ಲುಲು ಸ್ವೀಗಾರ್ಡ್ ಐಡಿಯೋಕೈನೆಸಿಸ್ ಹೆಸರಿನಲ್ಲಿ ಕಲಿಸಿದ್ದು ಇದನ್ನೇ: ಮಂಡಿ ಮಡಚಿ ಮಲಗಿ, ಚಲನೆಯನ್ನು ಮನಸ್ಸಿನಲ್ಲಷ್ಟೇ ನಡೆಸೋದು. "ಬಿಗಿ ಮಾಡು" ಅಂದರೆ ದೇಹ ಬೇಡದ ಸ್ನಾಯುಗಳನ್ನೂ ಬಿಗಿ ಮಾಡಿಬಿಡುತ್ತೆ. ಒಂದು ಚಲನೆಗೆ ಒಂದೇ ಚಿತ್ರ ಸಾಕು.

ಕೇಳಿದವರು (ಎರಡು ವಾರದ ನಂತರ):
ಥ್ಯಾಂಕ್ಸ್ ಮೇಡಂ. ತಟ್ಟೆಯ ಚಿತ್ರ ಮೊದಲ ದಿನವೇ ಹಿಡಿಸಿತು, ಉಸಿರು ಕಟ್ಟೋದು ನಿಂತಿದೆ. ಸುಳಿಯ ದಾರವೂ ಸರಿಹೋಯ್ತು. ಆದರೆ ಹಂಡ್ರೆಡ್ (ಮಲಗಿ ತಲೆ-ಭುಜ ಎತ್ತಿ, ಕೈಗಳನ್ನು ಮೇಲೆ ಕೆಳಗೆ ಆಡಿಸುತ್ತಾ ನೂರು ಎಣಿಸೋದು) ಮಾಡುವಾಗ ಕುತ್ತಿಗೆ ಇನ್ನೂ ನೋಯುತ್ತೆ.

ಉತ್ತರ 2:
ಗಲ್ಲ ಮತ್ತು ಎದೆಯ ನಡುವೆ ಮೆತ್ತನೆಯ ಚಿಕ್ಕ ಚೆಂಡು ಇದೆ ಅಂದ್ಕೊಳ್ಳಿ. ಅಪ್ಪಚ್ಚಿಯೂ ಆಗಬಾರದು, ಬೀಳಲೂಬಾರದು. ತಲೆ ಎತ್ತೋದನ್ನು ಮರೆತು ಪಕ್ಕೆಲುಬುಗಳು ಸೊಂಟದ ಕಡೆ ಜಾರೋದನ್ನು ನೋಡಿ. ಐದು ಎಣಿಕೆ ಉಸಿರು ಒಳಗೆ, ಐದು ಹೊರಗೆ, ಹೀಗೆ ಹತ್ತು ಸುತ್ತಿಗೆ 100. ನಿಮಗೆ ಸದ್ಯಕ್ಕೆ ತಲೆ ಎತ್ತಿ ಮೂರು ಸುತ್ತು ಸಾಕು. ಚಿತ್ರ ದಾರಿ ತೋರಿಸುತ್ತೆ, ಶಕ್ತಿ ಬರೋಕೆ ವಾರಗಳು ಬೇಕು. ಉಳಿದ ಏಳು ಸುತ್ತು ತಲೆ ಮ್ಯಾಟಿನ ಮೇಲಿಟ್ಟೇ ಮಾಡಿ.